ಮೈಸೂರಿಗೆ ಬರೆದುಕೊಟ್ಟರು

ನಮ್ಮ ಕಡೆ ಒಂದು ಮಾತಿದೆ, ‘ಮೈಸೂರಿಗೆ ಬರೆದುಕೊಟ್ಟರಂತೆ’ ಎಂದು. ಬರೆದುಕೊಟ್ಟದ್ದು ಕಾಗದವನ್ನಲ್ಲ, ಗದ್ದೆಯನ್ನೂ ಅಲ್ಲ. ತಾಲ್ಲೂಕು ಆಸ್ಪತ್ರೆಯ ಡಾಕ್ಟರು ನಾಡಿ ಹಿಡಿದು, ರೆಪ್ಪೆ ಎತ್ತಿ ನೋಡಿ, ಒಂದು ಕ್ಷಣ ಸುಮ್ಮನಿದ್ದು, ಆಮೇಲೆ ಒಂದು ಚೀಟಿಯಲ್ಲಿ ನಾಲ್ಕು ಸಾಲು ಗೀಚಿ ‘ದೊಡ್ಡಾಸ್ಪತ್ರೆಗೆ ಕರಕೊಂಡು ಹೋಗಿ’ ಎಂದು ಕೈಗೆ ಕೊಡುತ್ತಾರಲ್ಲ, ಅದು. ಈ ಮಾತು ಕಿವಿಗೆ ಬಿದ್ದ ಕೂಡಲೇ ಬೀದಿಯ ಹೆಂಗಸರು ದನಿ ತಗ್ಗಿಸಿ ಮಾತಾಡುತ್ತಿದ್ದರು. ಮನೆಯವರು ಮೊದಲು ಹುಡುಕುತ್ತಿದ್ದುದು ದುಡ್ಡನ್ನಲ್ಲ, ಮೈಸೂರಿನಲ್ಲಿರುವ ನೆಂಟರ ವಿಳಾಸವನ್ನು. ಒಂಟಿಕೊಪ್ಪಲಿನಲ್ಲೋ ಕೃಷ್ಣಮೂರ್ತಿಪುರಂನಲ್ಲೋ ಯಾರಾದರೊಬ್ಬ ಷಡ್ಡಕ, ದೂರದ ಭಾವಮೈದುನ ಇದ್ದೇ ಇರುತ್ತಿದ್ದ. ಆತನಿಗೆ ಆಸ್ಪತ್ರೆಯ ಕಾಂಪೌಂಡರ್ ಗೊತ್ತಿರುತ್ತಿದ್ದ. ಅಷ್ಟಾದರೆ ಅರ್ಧ ರೋಗ ವಾಸಿಯಾದ ಹಾಗೆ.

ಶ್ರೀರಂಗಪಟ್ಟಣದವರಿಗೆ ಮೈಸೂರು ಹತ್ತು ಮೈಲಿ. ಪಾಂಡವಪುರದವರಿಗೆ ರೈಲಿತ್ತು. ಹೈದರನ ಮತ್ತು ಟಿಪ್ಪುವಿನ ಸೈನ್ಯದಲ್ಲಿದ್ದ ಫ್ರೆಂಚರು ಬೀಡುಬಿಟ್ಟಿದ್ದರೆಂಬ ಕಾರಣಕ್ಕೆ ಆ ಊರನ್ನು ಬಹಳ ಕಾಲ ‘ಫ್ರೆಂಚ್ ರಾಕ್ಸ್’ ಎಂದೇ ಕರೆಯುತ್ತಿದ್ದರು. ನಮ್ಮ ಕೃಷ್ಣರಾಜಪೇಟೆಯವರು ಅಕ್ಕಿಹೆಬ್ಬಾಳಿಗೆ ಹೋಗಿ ರೈಲು ಹತ್ತಬೇಕಿತ್ತು, ಇಲ್ಲವೇ ಬಸ್ಸಿಗೆ ಕಾಯಬೇಕಿತ್ತು. (1891ರವರೆಗೆ ನಮ್ಮ ತಾಲ್ಲೂಕಿನ ಹೆಸರು ಅತ್ತಿಕುಪ್ಪೆ. ಚರಿತ್ರೆ ಪಾಠ ಮಾಡುತ್ತಿದ್ದಾಗ ಇದನ್ನು ಹೇಳಿದರೆ ಮಕ್ಕಳು ನಗುತ್ತಿದ್ದರು.) ನಾಗಮಂಗಲದವರ ಪಾಡು ಎಲ್ಲರಿಗಿಂತ ಕಷ್ಟದ್ದು. ಆ ತಾಲ್ಲೂಕಿಗೆ ಬೆಂಗಳೂರು–ಹಾಸನದ ರೈಲು ಬಂದದ್ದೇ 2017ರಲ್ಲಿ. ಮಂಡ್ಯ ಪ್ರತ್ಯೇಕ ಜಿಲ್ಲೆಯಾದದ್ದು 1939ರಲ್ಲಿ. ಆದರೆ ಕಚೇರಿ ಮಂಡ್ಯಕ್ಕೆ ಬಂದಷ್ಟು ಬೇಗ ರೋಗ ಮಂಡ್ಯಕ್ಕೆ ಬರಲಿಲ್ಲ. ಅದು ಹಳೆಯ ದಾರಿ ಹಿಡಿದು ಮೈಸೂರಿಗೇ ಹೋಗುತ್ತಿತ್ತು.

ಮೈಯೊಳಗೆ ಏನಾಗಿದೆ ಎಂದು ತಿಳಿಯಬೇಕಾದರೆ, ಕೆಟ್ಟದ್ದನ್ನು ಸರಿಮಾಡಿಸಿಕೊಳ್ಳಬೇಕಾದರೆ, ಊರು ಬಿಟ್ಟು ಹೋಗಬೇಕು. ಹೋದ ಕಡೆ ನಂಬುವಂಥವರು ಯಾರು, ಕೈಗೆಟುಕುವ ದರ ಯಾವುದು ಎಂದು ವಿಚಾರಿಸಬೇಕು. ಇದು ನಮ್ಮ ನಾಲ್ಕು ತಾಲ್ಲೂಕಿನವರಿಗೆ ಇನ್ನೂರು ವರ್ಷದ ಹಳೆಯ ಕಸುಬು. ಇದರ ಬಗ್ಗೆ ಬರೆಯಬೇಕು ಅನ್ನಿಸಿದ್ದು 2016ರಲ್ಲಿ, ನಾನು ಅಮೆರಿಕದ ನ್ಯೂಜೆರ್ಸಿಯಲ್ಲಿ ಮಗಳ ಬಾಣಂತನಕ್ಕೆಂದು ಹೋಗಿದ್ದಾಗ. ಆ ವಿಷಯಕ್ಕೆ ಬರುವ ಮುಂಚೆ ಶ್ರೀರಂಗಪಟ್ಟಣದ ಒಂದು ಕಥೆ ಹೇಳಿಬಿಡುತ್ತೇನೆ.

ಟಿಪ್ಪುವಿಗೂ ಇಂಗ್ಲಿಷರಿಗೂ ನಡೆದ ಮೂರನೆಯ ಯುದ್ಧ ಮುಗಿದದ್ದು 1792ರಲ್ಲಿ. ಆ ಯುದ್ಧದಲ್ಲಿ ಇಂಗ್ಲಿಷರ ಸೈನ್ಯಕ್ಕೆ ಎತ್ತು ಹೊಡೆಯುತ್ತಿದ್ದ ಕಾವಸ್‌ಜಿ ಎಂಬ ಮರಾಠಿಗನೊಬ್ಬ ಸೆರೆ ಸಿಕ್ಕಿದ. ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಿ ಕಳಿಸಿದರು. ಅವನು ಆ ಸ್ಥಿತಿಯಲ್ಲೇ ಶ್ರೀರಂಗಪಟ್ಟಣದ ಹತ್ತಿರ ಬೀಡುಬಿಟ್ಟಿದ್ದ ಮುಂಬಯಿಯ ಸೈನ್ಯವನ್ನು ಸೇರಿಕೊಂಡ. ಕಂಪನಿಯವರು ಪಿಂಚಣಿ ಕೊಟ್ಟರು. ಪಿಂಚಣಿ ಸರಿ, ಮೂಗು? ಕಂಪನಿಯ ವೈದ್ಯರಿಗೆ ಮೂಗು ಮಾಡುವ ವಿದ್ಯೆ ಗೊತ್ತಿರಲಿಲ್ಲ. ಸುಮಾರು ಒಂದು ವರ್ಷ ಮೂಗಿಲ್ಲದೆ ಕಳೆದ ಮೇಲೆ ಪುಣೆಯ ಹತ್ತಿರ ಇಟ್ಟಿಗೆ ಮಾಡುವ ಜಾತಿಗೆ ಸೇರಿದ ಒಬ್ಬ ಮನುಷ್ಯ ಕಾವಸ್‌ಜಿಗೆ ಮೂಗು ಕಟ್ಟಿಕೊಟ್ಟ. ತೆಳ್ಳಗಿನ ಮೇಣದ ಬಿಲ್ಲೆಯಿಂದ ಮೂಗಿನ ಅಳತೆ ತೆಗೆದು, ಅದನ್ನು ಹಣೆಯ ಮೇಲೆ ಹರಡಿ ಗುರುತು ಮಾಡಿ, ಅಷ್ಟಗಲದ ಚರ್ಮವನ್ನು ಬಿಡಿಸಿ, ಹುಬ್ಬುಗಳ ನಡುವೆ ಒಂದು ಎಳೆ ಬಿಟ್ಟು, ತಿರುಗಿಸಿ ಕೆಳಗಿಳಿಸಿ ಕೂರಿಸುವುದು ಆ ವಿದ್ಯೆ. ರವಿಕೆಗೆ ಅಳತೆ ತೆಗೆದು ಬಟ್ಟೆ ಕತ್ತರಿಸುವ ನಮಗೆ ಇದು ಬೇಗ ಅರ್ಥವಾಗುತ್ತದೆ. ಇಬ್ಬರು ಇಂಗ್ಲಿಷ್ ವೈದ್ಯರು ಇದನ್ನು ನಿಂತು ನೋಡಿದರು. ಕಾವಸ್‌ಜಿಯ ಚಿತ್ರದ ಸಮೇತ ಈ ವೃತ್ತಾಂತ 1794ರ ಅಕ್ಟೋಬರ್‌ನಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜೀನ್’ ಪತ್ರಿಕೆಯಲ್ಲಿ ಅಚ್ಚಾಯಿತು. ಅದನ್ನು ಓದಿದ ಜೋಸೆಫ್ ಕಾರ್ಪ್ಯೂ ಎಂಬ ಲಂಡನ್ನಿನ ಸರ್ಜನ್ ವರ್ಷಗಟ್ಟಲೆ ಅಭ್ಯಾಸ ಮಾಡಿ, 1814ರಲ್ಲಿ ಅಲ್ಲಿಯ ಒಬ್ಬ ಸೈನ್ಯಾಧಿಕಾರಿಗೆ ಅದೇ ರೀತಿ ಮೂಗು ಮಾಡಿದ. ಇವತ್ತಿನ ಪ್ಲಾಸ್ಟಿಕ್ ಸರ್ಜರಿಯ ಪುಸ್ತಕಗಳು ಈ ಪ್ರಸಂಗವನ್ನು ನೆನೆಯದೆ ಶುರುವಾಗುವುದು ಅಪರೂಪ.

ಈ ಕಥೆಯನ್ನು ನಮ್ಮವರು ಹೆಮ್ಮೆಗಾಗಿ ಹೇಳುವುದುಂಟು, ಹೇಳಲಿ. ನನಗೆ ಅದರಲ್ಲಿ ಕಾಣುವುದು ಕಾವಸ್‌ಜಿಯ ಲೆಕ್ಕಾಚಾರ. ಕಂಪನಿ ಸರ್ಕಾರದ ನೆರಳಲ್ಲಿದ್ದ ಮನುಷ್ಯ, ಬೇಕಾದ ಕೆಲಸಕ್ಕೆ ತನ್ನ ಸೀಮೆಯ ಕಸುಬುದಾರನನ್ನೇ ನಂಬಿದ. ಆ ಇಟ್ಟಿಗೆಯವನ ಹೆಸರನ್ನು ಯಾರೂ ಬರೆದಿಡಲಿಲ್ಲ. ನೋಡುತ್ತಾ ನಿಂತವರ ಹೆಸರು ಮಾತ್ರ ಉಳಿಯಿತು.

ಆಮೇಲಿನ ನೂರು ವರ್ಷದಲ್ಲಿ ದಿಕ್ಕು ಬದಲಾಯಿತು. 1900ರಲ್ಲಿ ಬೆಂಗಳೂರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆಯಾಯಿತು. 1906ರಲ್ಲಿ ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಹೋಲ್ಡ್ಸ್‌ವರ್ತ್ ಆಸ್ಪತ್ರೆ ಶುರುವಾಯಿತು. ಆ ಹೆಸರು ನಮ್ಮ ಹೆಂಗಸರ ನಾಲಿಗೆಗೆ ಯಾವತ್ತೂ ಹೊರಳಲಿಲ್ಲ, ಅವರಿಗೆ ಅದು ‘ಮಿಷನ್ ಆಸ್ಪತ್ರೆ’. ಮೇರಿ ಕ್ಯಾಲ್ವರ್ಟ್ ಹೋಲ್ಡ್ಸ್‌ವರ್ತ್ ಎಂಬ ಹೆಂಗಸಿನ ನೆನಪಿಗೆ ಕಟ್ಟಿದ ಅದು ಹೆಂಗಸರು ಮಕ್ಕಳಿಗೆಂದೇ ಹೊರಟದ್ದು. ಗಂಡಸು ಡಾಕ್ಟರ ಮುಂದೆ ಸೆರಗು ಸರಿಸಲಾರದೆ ಒಳಗೊಳಗೇ ನವೆಯುತ್ತಿದ್ದವರಿಗೆ ಅಲ್ಲಿ ಬಾಯಿ ಬಂತು. 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಮೆಡಿಕಲ್ ಕಾಲೇಜು 1930ರಲ್ಲಿ ಮೈಸೂರಿಗೆ ಬಂತು. ಅಲ್ಲಿಂದ ‘ಮೈಸೂರಿಗೆ ಬರೆದುಕೊಡುವುದು’ ಎಂಬ ಮಾತಿಗೆ ನಿಜವಾದ ತೂಕ ಬಂತು.

ಅಲ್ಲಿಗೆ ಹೋದವರು ಹೆಚ್ಚಾಗಿ ತರುತ್ತಿದ್ದುದು ಎಕ್ಸ್‌ರೇ. ಕಂದು ಲಕೋಟೆಯಲ್ಲಿಟ್ಟ ಆ ಕಪ್ಪು ಹಾಳೆಯನ್ನು ಕಿಟಕಿಗೆ ಹಿಡಿದು ಮನೆ ಮಂದಿಯೆಲ್ಲ ನೋಡುತ್ತಿದ್ದೆವು, ಯಾರಿಗೂ ಏನೂ ತಿಳಿಯದಿದ್ದರೂ. ರಾಂಟ್ಜನ್ ಎಂಬ ಜರ್ಮನ್ ವಿಜ್ಞಾನಿ 1895ರ ನವೆಂಬರ್‌ನಲ್ಲಿ ಈ ಕಿರಣವನ್ನು ಕಂಡ. ಡಿಸೆಂಬರ್‌ನಲ್ಲಿ ತನ್ನ ಹೆಂಡತಿ ಬರ್ತಾಳ ಕೈಯನ್ನು ಫಲಕದ ಮೇಲಿಡಿಸಿ ಚಿತ್ರ ತೆಗೆದ. ಬೆರಳಿನ ಮೂಳೆಗಳು, ಅದರ ಮೇಲೆ ತೇಲುವಂತೆ ಕಾಣುವ ಉಂಗುರ. ಜಗತ್ತು ಮೊದಲು ನೋಡಿ ಬೆರಗಾದ ಒಳಮೈ ಒಬ್ಬ ಗೃಹಿಣಿಯದು ಎಂಬುದನ್ನು ನಾನು ತರಗತಿಯಲ್ಲಿ ಯಾವತ್ತೂ ಬಿಟ್ಟು ಹೇಳಿದವಳಲ್ಲ. ಆದರೆ ಎಕ್ಸ್‌ರೇಗೆ ಒಂದು ಮಿತಿಯಿದೆ. ಮೂಳೆ ಚೆನ್ನಾಗಿ ಕಾಣುತ್ತದೆ. ನರ, ಮೂಳೆಗಳ ನಡುವಿನ ಮೆತ್ತೆ, ಬೆನ್ನುಹುರಿ ಇವೆಲ್ಲ ಕಾಣುವುದಿಲ್ಲ. ನನಗೆ ನೋಡಬೇಕಾಗಿ ಬಂದದ್ದು ಇವೇ.

ನ್ಯೂಜೆರ್ಸಿಯಲ್ಲಿ ನಾನಿದ್ದದ್ದು ಆರು ತಿಂಗಳಿಗೆ. ಮಗುವಿಗೆ ಒಂದೂವರೆ ತಿಂಗಳಾಗಿತ್ತು. ಕಾಲು ನೀಡಿ ಕೂತು, ಮಗುವನ್ನು ಕಾಲ ಮೇಲೆ ಬೋರಲು ಹಾಕಿಕೊಂಡು ಎಣ್ಣೆ ಹಚ್ಚಿ ನೀರು ಹಾಕುವುದು ನನ್ನ ಕೆಲಸ. (ಅಲ್ಲಿಯ ಸ್ನಾನದ ಮನೆಯಲ್ಲಿ ಈ ಭಂಗಿಗೆ ಜಾಗ ಮಾಡಿಕೊಳ್ಳುವುದೇ ಒಂದು ವಿದ್ಯೆ.) ಕೆಲವು ದಿನಗಳಿಂದ ಬಲಗೈ ಹೆಬ್ಬೆರಳು, ತೋರುಬೆರಳು ಜೋಮು ಹಿಡಿಯುತ್ತಿದ್ದವು. ಕತ್ತಿನಿಂದ ಭುಜಕ್ಕೆ, ಭುಜದಿಂದ ಮೊಣಕೈಗೆ ಎಳೆದಂತೆ ನೋವು. ಒಂದು ದಿನ ನೀರು ಮೊಗೆಯುವ ಬಟ್ಟಲು ಕೈಯಿಂದ ಜಾರಿ ಬಿತ್ತು. ಬಿದ್ದದ್ದು ಬಟ್ಟಲು, ಮಗುವಲ್ಲ. ಆದರೆ ಅವತ್ತಿನಿಂದ ಆ ಮಗುವನ್ನು ಎತ್ತಿಕೊಳ್ಳಲು ನನಗೆ ಕೈ ಬರಲಿಲ್ಲ. ಬಾಣಂತನಕ್ಕೆ ಬಂದವಳ ಕೈಯೇ ಕೈಕೊಟ್ಟರೆ ಅವಳು ಅಲ್ಲಿ ಏನು? ಇನ್ನೊಬ್ಬ ಬಾಣಂತಿ.

ಅಳಿಯ ಒಬ್ಬ ವೈದ್ಯೆಯ ಹತ್ತಿರ ಕರೆದುಕೊಂಡು ಹೋದರು. ಆಕೆ ಪುಟ್ಟ ಸುತ್ತಿಗೆಯಿಂದ ಕೈಗಳನ್ನು ತಟ್ಟಿ, ಬೆರಳು ಹಿಡಿದು ಎಳೆಯಲು ಹೇಳಿ, ಕತ್ತನ್ನು ಅತ್ತ ಇತ್ತ ಬಾಗಿಸಿ ನೋಡಿ, ಪಾರ್ಶ್ವವಾಯು ಅಲ್ಲ, ಕತ್ತಿನಲ್ಲಿ ನರ ಒತ್ತಿರಬೇಕು, ಹಿಡಿತ ಕಡಿಮೆಯಾಗುತ್ತಿರುವುದರಿಂದ ಎಂಆರ್‌ಐ ಮಾಡಿಸಿ ಎಂದರು. ನಡಿಗೆ ತಡವರಿಸಿದರೆ, ಮೂತ್ರದ ಹಿಡಿತ ತಪ್ಪಿದರೆ ಒಂದು ಗಂಟೆಯೂ ತಡಮಾಡದೆ ದೊಡ್ಡಾಸ್ಪತ್ರೆಗೆ ಬನ್ನಿ ಎಂದೂ ಹೇಳಿದರು. ಒಂದು ಚೀಟಿ ಕೊಟ್ಟರು. ‘ಮೈಸೂರಿಗೆ ಬರೆದುಕೊಟ್ಟರು’ ಎಂದು ನನ್ನ ಮನಸ್ಸು ತಾನೇ ಹೇಳಿಕೊಂಡಿತು. ಆದರೆ ಈ ಮೈಸೂರು ಎಲ್ಲಿದೆ? ಅಲ್ಲಿರುವ ಷಡ್ಡಕ ಯಾರು?

ಹೊರಡುವಾಗ ವಿಮೆ ಮಾಡಿಸಿದ್ದೆವು. ಬಾಣಂತನಕ್ಕೆ ಹೋಗುವ ತಾಯಂದಿರಿಗೆಲ್ಲ ಮಕ್ಕಳು ಮಾಡಿಸುವ ಪ್ರವಾಸಿ ವಿಮೆ. ಅದರ ಸಣ್ಣಕ್ಷರದಲ್ಲಿ ಒಂದು ಮಾತಿರುತ್ತದೆ, ‘ಮೊದಲಿನಿಂದ ಇದ್ದ ಕಾಯಿಲೆಗೆ ಅನ್ವಯಿಸುವುದಿಲ್ಲ’ ಎಂದು. ಅರವತ್ತು ದಾಟಿದವರ ಕತ್ತಿನ ಸವೆತ ನಿನ್ನೆ ಮೊನ್ನೆಯದಾಗಿರಲು ಸಾಧ್ಯವೇ? ವಿಮೆಯವರು ಎರಡು ಸಲ ಫೋನಿನಲ್ಲಿ ಕಾಯಿಸಿ, ಮೂರನೆಯ ಸಲ ಬಹಳ ಮರ್ಯಾದೆಯಿಂದ ಇಲ್ಲ ಎಂದರು. ಇದನ್ನು ಓದುವವರಲ್ಲಿ ಪಾಸ್‌ಪೋರ್ಟ್ ಮಾಡಿಸಿ ಕೂತಿರುವ ಅಜ್ಜಿಯರು ಇದ್ದರೆ, ಆ ಸಾಲನ್ನು ಮಕ್ಕಳಿಂದ ಓದಿಸಿ ಕೇಳಿಯೇ ಸೂಟ್‌ಕೇಸಿಗೆ ಚಟ್ನಿಪುಡಿ ತುಂಬಿ.

ಮಗಳು ಹಸುಗೂಸನ್ನು ತೊಡೆಯ ಮೇಲೆ ಹಾಕಿಕೊಂಡು ದರ ವಿಚಾರಿಸಲು ಕೂತಳು. ಹತ್ತಿರದ ದೊಡ್ಡ ಆಸ್ಪತ್ರೆಯೊಂದಕ್ಕೆ ಫೋನು ಮಾಡಿ, ಕತ್ತಿನ ಎಂಆರ್‌ಐಗೆ ಎಷ್ಟು ಎಂದು ಕೇಳಿದಳು. ‘ಹೇಳಲಾಗುವುದಿಲ್ಲ, ನಿಮ್ಮ ವಿಮೆ ಯಾವುದು?’ ವಿಮೆ ಇಲ್ಲ, ಕೈಯಿಂದ ಕೊಡುತ್ತೇವೆ. ‘ಹಾಗಾದರೆ ಇನ್ನೊಂದು ವಿಭಾಗಕ್ಕೆ ಕೇಳಿ.’ ಮೂರು ದಿನ, ನಾಲ್ಕು ವಿಭಾಗ. ಕೊನೆಗೆ ಒಬ್ಬಾಕೆ ಅಂದಾಜು ಹೇಳಿದಳು, 3,200 ಡಾಲರು. ಚಿತ್ರ ನೋಡಿ ವರದಿ ಬರೆಯುವ ಡಾಕ್ಟರ ಬಿಲ್ಲು ಬೇರೆ ಬರುತ್ತದೆ, ಅದೆಷ್ಟೆಂದು ಅವರಿಗೂ ತಿಳಿಯದು. ಆಗ ಡಾಲರಿಗೆ 67 ರೂಪಾಯಿಯ ಆಸುಪಾಸು. ಎರಡು ಲಕ್ಷ ದಾಟಿತು. ನಲವತ್ತು ರೂಪಾಯಿ ಸೀರೆಗೆ ಅಂಗಡಿಯವನ ಜೊತೆ ಅರ್ಧ ಗಂಟೆ ಚೌಕಾಸಿ ಮಾಡಿ ಬೆಳೆದ ನಮ್ಮಂಥವರಿಗೆ, ಬೆಲೆಯೇ ಹೇಳದ ಅಂಗಡಿ ಎಂದರೆ ಏನೆಂದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ‘ಮೈಸೂರಿಗೇ ಹೋಗಿಬಿಡ್ತೀನಿ ಕಣೆ, ವಿಮಾನದ ಟಿಕೆಟ್ಟೇ ಇದಕ್ಕಿಂತ ಅಗ್ಗ’ ಎಂದೆ. ಅದು ತಮಾಷೆಯಲ್ಲ, ಲೆಕ್ಕ. ಆಗ ಮೈಸೂರಿನಲ್ಲಿ ಕತ್ತಿನ ಎಂಆರ್‌ಐಗೆ ಆರು ಸಾವಿರ ರೂಪಾಯಿಯ ಹತ್ತಿರ ಕೇಳುತ್ತಿದ್ದರು. ಮಗಳು ಏನೂ ಹೇಳಲಿಲ್ಲ. ಮಗುವಿನ ತಲೆಯನ್ನು ಸವರುತ್ತಾ ಕೂತಳು. ನಾನು ಹೊರಟರೆ ಆ ಮನೆಯಲ್ಲಿ ಯಾರೂ ಇರಲಿಲ್ಲ.

ಒಂದೇ ಚಿತ್ರಕ್ಕೆ ಇಷ್ಟು ವ್ಯತ್ಯಾಸ ಏಕೆ ಎಂಬುದನ್ನು ತಿಳಿಯದೆ ನನಗೆ ಸಮಾಧಾನವಿರಲಿಲ್ಲ. ಮಧ್ಯಾಹ್ನ ತಾಯಿ ಮಗು ಮಲಗಿದಾಗ ಆ ಊರಿನ ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗಿ ಕೂರುತ್ತಿದ್ದೆ. ಎಡಗೈಯಲ್ಲಿ ಪುಟ ತಿರುಗಿಸುತ್ತಾ ಓದಿದ್ದರಲ್ಲಿ ಕೆಲವನ್ನು ಹೇಳುತ್ತೇನೆ.

ನಮ್ಮ ಮೈಯಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ. ನೀರಿನ ಕಣದೊಳಗಿನ ಜಲಜನಕದ ಬೀಜಗಳು ಸಣ್ಣ ಸಣ್ಣ ದಿಕ್ಸೂಚಿಗಳಿದ್ದ ಹಾಗೆ. ದೊಡ್ಡ ಅಯಸ್ಕಾಂತದ ಒಳಗೆ ಮಲಗಿಸಿದರೆ ಅವು ಸಾಲಿಗೆ ಬರುತ್ತವೆ. ರೇಡಿಯೋ ತರಂಗದಿಂದ ತಟ್ಟಿದರೆ ಓಲಾಡಿ, ಮತ್ತೆ ಸಾಲಿಗೆ ಬರುವಾಗ ಸಣ್ಣದೊಂದು ಸದ್ದನ್ನು, ಅಂದರೆ ರೇಡಿಯೋ ಸಂಕೇತವನ್ನು ಹೊರಡಿಸುತ್ತವೆ. ಕೊಬ್ಬಿನಲ್ಲಿರುವ ಕಣ ಒಂದು ಥರ, ನರದಲ್ಲಿರುವುದು ಇನ್ನೊಂದು ಥರ. ಆ ಸಂಕೇತಗಳಿಂದ ಕಂಪ್ಯೂಟರು ಚಿತ್ರ ಬಿಡಿಸುತ್ತದೆ. ಎಕ್ಸ್‌ರೇಯ ಹಾಗೆ ವಿಕಿರಣವಿಲ್ಲ. ಮೊದಲು ಇದರ ಹೆಸರಿನಲ್ಲಿ ‘ನ್ಯೂಕ್ಲಿಯರ್’ ಎಂಬ ಪದವಿತ್ತು. ಜನ ಬಾಂಬನ್ನು ನೆನೆದು ಹೆದರುತ್ತಾರೆಂದು ಆಸ್ಪತ್ರೆಯವರು ಅದನ್ನು ಬಿಟ್ಟರು.

ಇದರ ಮೂಲಪಾಠ ಅಮೆರಿಕದಲ್ಲಿ ರಾಬಿ 1938ರಲ್ಲಿ, ಬ್ಲಾಕ್ ಮತ್ತು ಪರ್ಸೆಲ್ 1946ರಲ್ಲಿ ಕಂಡುಕೊಂಡದ್ದು. ಆಮೇಲೆ ಐದೇ ವರ್ಷಕ್ಕೆ, 1951ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಜಿ. ಸೂರ್ಯನ್ ಎಂಬುವರು ಹರಿಯುವ ದ್ರವದಲ್ಲಿ ಈ ಸಂಕೇತ ಹೇಗೆ ಬದಲಾಗುತ್ತದೆಂದು ಪ್ರಯೋಗ ಮಾಡಿ ಪ್ರಕಟಿಸಿದರು. ನಮ್ಮ ರಕ್ತನಾಳದಲ್ಲಿ ರಕ್ತ ಹರಿಯುವುದನ್ನು ಇವತ್ತು ಎಂಆರ್‌ಐಯಲ್ಲಿ ನೋಡುತ್ತಾರಲ್ಲ, ಆ ದಾರಿಯ ಮೊದಲ ಹೆಜ್ಜೆಗಳಲ್ಲಿ ಅದೊಂದು. ಇದನ್ನು ಓದಿದಾಗ ಅಲ್ಲಿ ಪಕ್ಕದಲ್ಲಿ ಕೂತಿದ್ದವರನ್ನು ತಟ್ಟಿ ಹೇಳಬೇಕೆನ್ನಿಸಿತು. ಪಕ್ಕದಲ್ಲಿದ್ದ ಮುದುಕ ಗೊರಕೆ ಹೊಡೆಯುತ್ತಿದ್ದ.

ಚಿತ್ರ ತೆಗೆಯುವ ಉಪಾಯ ಹೊಳೆದದ್ದು ಪಾಲ್ ಲಾಟರ್‌ಬರ್ ಎಂಬ ರಸಾಯನಶಾಸ್ತ್ರಜ್ಞನಿಗೆ, ಹೋಟೆಲಿನಲ್ಲಿ ಊಟಕ್ಕೆ ಕೂತಾಗ. ಅವನ ಲೇಖನವನ್ನು ‘ನೇಚರ್’ ಪತ್ರಿಕೆ ಮೊದಲು ಬೇಡವೆಂದು, ಆಮೇಲೆ 1973ರಲ್ಲಿ ಅಚ್ಚುಹಾಕಿತು. ನೀರು ತುಂಬಿದ ಎರಡು ಸಣ್ಣ ಗಾಜಿನ ನಳಿಗೆಗಳ ಚಿತ್ರ ಅದು. ಬದುಕಿದ ಪ್ರಾಣಿಗಳಲ್ಲಿ ಅವನು ಮೊದಲು ತೆಗೆದದ್ದು ಮಗಳು ಸಮುದ್ರದ ದಂಡೆಯಲ್ಲಿ ಆರಿಸಿಕೊಂಡು ಬಂದಿದ್ದ ಒಂದು ಪುಟ್ಟ ಚಿಪ್ಪುಹುಳುವಿನ ಚಿತ್ರ. 1975ರಲ್ಲಿ ಸ್ವಿಟ್ಜರ್‌ಲೆಂಡಿನಲ್ಲಿ ಅನಿಲ್ ಕುಮಾರ್, ವೆಲ್ಟಿ, ಅರ್ನ್‌ಸ್ಟ್ ಮೂವರು ಸೇರಿ ಚಿತ್ರ ಕಟ್ಟುವ ಗಣಿತವನ್ನು ಹದಕ್ಕೆ ತಂದರು. ಇವತ್ತಿನ ಯಂತ್ರಗಳು ನಡೆಯುವುದು ಆ ದಾರಿಯಲ್ಲೇ. ಆ ಅನಿಲ್ ಕುಮಾರ್ ಆಮೇಲೆ ಬೆಂಗಳೂರಿಗೆ ಬಂದು ಅದೇ ವಿಜ್ಞಾನ ಮಂದಿರದಲ್ಲಿ ದಶಕಗಟ್ಟಲೆ ಪಾಠ ಮಾಡಿದರು. 1977ರ ಜುಲೈ 3ರಂದು ರೇಮಂಡ್ ಡಮೇಡಿಯನ್ ಎಂಬ ಅಮೆರಿಕದ ವೈದ್ಯ ಮನುಷ್ಯನೊಬ್ಬನ ಎದೆಯ ಚಿತ್ರ ತೆಗೆದ. ಮೊದಲು ತಾನೇ ಯಂತ್ರದೊಳಗೆ ಕೂತಿದ್ದನಂತೆ. ಮೈ ದಪ್ಪವಾಗಿ ಏನೂ ಬರಲಿಲ್ಲ. ತೆಳ್ಳಗಿದ್ದ ಶಿಷ್ಯನನ್ನು ಕೂರಿಸಿದ, ಒಂದು ಚಿತ್ರಕ್ಕೆ ಐದು ಗಂಟೆಯ ಹತ್ತಿರ ಹಿಡಿಯಿತು. 2003ರಲ್ಲಿ ನೊಬೆಲ್ ಬಹುಮಾನ ಲಾಟರ್‌ಬರ್ ಮತ್ತು ಇಂಗ್ಲೆಂಡಿನ ಮ್ಯಾನ್ಸ್‌ಫೀಲ್ಡ್ ಇಬ್ಬರಿಗೆ ಬಂದಾಗ, ಡಮೇಡಿಯನ್ ಅನ್ಯಾಯವಾಯಿತೆಂದು ಪತ್ರಿಕೆಗಳಲ್ಲಿ ಪುಟಪೂರ್ತಿ ಜಾಹೀರಾತು ಹಾಕಿಸಿದ. ನಮ್ಮ ಇಟ್ಟಿಗೆಯವನಿಗೆ ಆ ಅನುಕೂಲವಿರಲಿಲ್ಲ.

ಯಂತ್ರದ ಬೆಲೆ ಹೆಚ್ಚು, ಅದನ್ನು ಸಾಕುವುದೂ ದುಬಾರಿ. ಸಾಮಾನ್ಯವಾಗಿ ಬಳಸುವ 1.5 ಟೆಸ್ಲಾ ಅಯಸ್ಕಾಂತದ ಶಕ್ತಿ ಭೂಮಿಯದಕ್ಕಿಂತ ಸುಮಾರು ಮೂವತ್ತು ಸಾವಿರ ಪಟ್ಟು. ಅದರ ಸುರುಳಿಗಳನ್ನು ಸೊನ್ನೆಗಿಂತ 269 ಡಿಗ್ರಿ ಕೆಳಗಿನ ದ್ರವ ಹೀಲಿಯಂನಲ್ಲಿ ಹಗಲೂ ರಾತ್ರಿ ತಣ್ಣಗಿಡಬೇಕು. ಆದರೆ ಈ ಖರ್ಚು ನ್ಯೂಜೆರ್ಸಿಯಲ್ಲೂ ಅಷ್ಟೇ, ಮೈಸೂರಿನಲ್ಲೂ ಅಷ್ಟೇ. ಜಪಾನಿನಲ್ಲಿ ಸರ್ಕಾರವೇ ಪ್ರತಿ ಪರೀಕ್ಷೆಗೂ ದರ ನಿಗದಿ ಮಾಡುತ್ತದೆ. ಅಲ್ಲಿ ಯಂತ್ರಗಳೂ ಹೆಚ್ಚು, ದರವೂ ಕಡಿಮೆ. ಬ್ರಿಟನ್ನಿನಲ್ಲಿ ಅಲ್ಲಿಯ ನಿವಾಸಿಗಳಿಗೆ ಪುಕ್ಕಟೆ, ಆದರೆ ಸರದಿಯಲ್ಲಿ ಕಾಯಬೇಕು. ಅಮೆರಿಕದಲ್ಲಿ ಆಸ್ಪತ್ರೆಯೂ ವಿಮಾ ಕಂಪನಿಯೂ ಒಳಗೊಳಗೇ ಒಪ್ಪಂದ ಮಾಡಿಕೊಳ್ಳುತ್ತವೆ. ಒಬ್ಬೊಬ್ಬರಿಗೆ ಒಂದೊಂದು ದರ. ವಿಮೆಯಿಲ್ಲದೆ ಬೀದಿಯಿಂದ ಬಂದವರಿಗೆ ಅನೇಕ ಸಲ ಎಲ್ಲಕ್ಕಿಂತ ಮೇಲಿನ ದರ. ನನ್ನ ಕತ್ತಿಗೆ ಬೆಲೆ ಕಟ್ಟಿದ್ದು ಅಯಸ್ಕಾಂತವಲ್ಲ, ಈ ಏರ್ಪಾಡು. (2021ರ ಜನವರಿಯಿಂದ ಅಲ್ಲಿಯ ಆಸ್ಪತ್ರೆಗಳು ದರಪಟ್ಟಿಯನ್ನು ಪ್ರಕಟಿಸಲೇಬೇಕೆಂದು ನಿಯಮವಾಗಿದೆ. 2022ರಿಂದ ವಿಮೆಯಿಲ್ಲದವರಿಗೆ ಮುಂಗಡವಾಗಿ ಅಂದಾಜು ಬರೆದುಕೊಡಬೇಕು. ನಮಗೆ ಈ ಎರಡೂ ಇರಲಿಲ್ಲ.)

ದಾರಿ ತೋರಿಸಿದ್ದು ಕೊನೆಗೂ ಒಬ್ಬ ಹೆಂಗಸೇ. ಪಕ್ಕದ ಬೀದಿಯ ಕನ್ನಡದವರ ಮನೆಯಲ್ಲಿ ಸತ್ಯನಾರಾಯಣ ಪೂಜೆಗೆ ಹೋದಾಗ, ಪ್ರಸಾದ ಹಂಚುತ್ತಿದ್ದ ಒಬ್ಬಾಕೆ ನಾನು ಎಡಗೈ ನೀಡಿದ್ದನ್ನು ಕಂಡು ಏನಾಯಿತೆಂದು ಕೇಳಿದಳು. ಅವಳ ತವರು ನಾಗಮಂಗಲದ ಕಡೆ. ಆಸ್ಪತ್ರೆಗಳ ಲೆಕ್ಕಪತ್ರ ಬರೆಯುವ ಕೆಲಸ ಅವಳದು. ‘ಆಂಟಿ, ಆಸ್ಪತ್ರೆಗೆ ಹೋಗ್ಬೇಡಿ, ಸ್ಕ್ಯಾನ್ ಮಾತ್ರ ಮಾಡೋ ಸೆಂಟರ್‌ಗೆ ಹೋಗಿ. ಕೈಯಿಂದ ಕೊಡೋರಿಗೆ ಎಷ್ಟು ಅಂತ ಕೇಳಿ. 72141 ಅಂತ ನಂಬರ್ ಹೇಳಿ, ಆಗ ಅವರು ತಪ್ಪಿಸ್ಕೊಳ್ಳೋಕೆ ಆಗಲ್ಲ’ ಎಂದಳು. ಬಣ್ಣದ ಮದ್ದು ಚುಚ್ಚದೆ ಕತ್ತಿನ ಭಾಗಕ್ಕೆ ಮಾಡುವ ಎಂಆರ್‌ಐಗೆ ಅಮೆರಿಕದಲ್ಲೆಲ್ಲ ಇರುವ ಸಂಕೇತ ಸಂಖ್ಯೆ ಅದು. ಇನ್ನೂ ಏನೇನು ಕೇಳಬೇಕೆಂದು ಒಂದು ಕರವಸ್ತ್ರದ ಕಾಗದದ ಮೇಲೆ ಬರೆದುಕೊಟ್ಟಳು: ಅಯಸ್ಕಾಂತ ಎಷ್ಟು ಟೆಸ್ಲಾ, ವರದಿ ಬರೆಯುವ ಡಾಕ್ಟರ ಫೀಸು ಸೇರಿದೆಯೇ ಇಲ್ಲವೇ, ಆ ಡಾಕ್ಟರು ಬೆನ್ನುಹುರಿ ನರಗಳ ಚಿತ್ರ ಓದುವುದರಲ್ಲಿ ಪಳಗಿದವರೇ, ಅಮೆರಿಕನ್ ಕಾಲೇಜ್ ಆಫ್ ರೇಡಿಯಾಲಜಿಯ ಮಾನ್ಯತೆ ಇದೆಯೇ, ಚಿತ್ರಗಳ ಸಿ.ಡಿ. ಕೈಗೆ ಕೊಡುತ್ತಾರೆಯೇ. ನಾನು ಹುಡುಕುತ್ತಿದ್ದ ಷಡ್ಡಕ ಸೀರೆಯುಟ್ಟು ಸಪಾದಭಕ್ಷ್ಯ ಹಂಚುತ್ತಾ ನಿಂತಿದ್ದ.

ಅಗ್ಗ ಎಂಬುದನ್ನು ಹೇಗೆ ತೂಗಬೇಕೆಂದು ಆಮೇಲೆ ತಿಳಿಯಿತು. ಒಂದು ಕಡೆ 375 ಡಾಲರು, ಆದರೆ ಯಂತ್ರ 0.3 ಟೆಸ್ಲಾದ್ದು. ಎರಡು ಪಕ್ಕವೂ ತೆರೆದಿರುವ ಅಂಥ ಯಂತ್ರ ಇಕ್ಕಟ್ಟಿಗೆ ಹೆದರುವವರಿಗೆ ಅನುಕೂಲ. ಆದರೆ ಕತ್ತಿನ ನರದಂಥ ಸಣ್ಣ ಎಳೆ ಅದರಲ್ಲಿ ಅಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ. ಚಿತ್ರ ಮಸುಕಾದರೆ ಮತ್ತೆ ಮಾಡಿಸಬೇಕು, ಆಗ ಅಗ್ಗವೆಲ್ಲಿ ಬಂತು? ವರದಿಯ ಫೀಸು ಬೇರೆ. ಇನ್ನೊಂದು ಕಡೆ 1.5 ಟೆಸ್ಲಾ, ವರದಿ ಸೇರಿ 475 ಡಾಲರು. ಸುಮಾರು 32 ಸಾವಿರ ರೂಪಾಯಿ. ಮೈಸೂರಿನ ಐದು ಪಟ್ಟು, ಆ ದೊಡ್ಡ ಆಸ್ಪತ್ರೆಯ ಸುಮಾರು ಏಳರಲ್ಲೊಂದು ಪಾಲು. ನನ್ನ ಪಿಂಚಣಿಯಿಂದಲೇ ಕೊಟ್ಟೆ. ಅದು ನನಗೆ ಮುಖ್ಯವಾಗಿತ್ತು.

ಆ ಕೊಳವೆಯೊಳಗಿನ ಇಪ್ಪತ್ತೈದು ನಿಮಿಷದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ರಾಗಿ ಗಿರಣಿಯೊಳಗೆ ಮಲಗಿದ ಹಾಗಿರುತ್ತದೆ, ಅಷ್ಟೆ. ಕಿವಿಗೆ ಹತ್ತಿ ಕೊಡುತ್ತಾರೆ, ಕೈಗೆ ಒಂದು ರಬ್ಬರ್ ಉಂಡೆ ಕೊಡುತ್ತಾರೆ, ಭಯವಾದರೆ ಹಿಸುಕಬಹುದು. ಎರಡನೆಯ ದಿನ ವರದಿ ಬಂತು. ಕತ್ತಿನ ಐದು ಮತ್ತು ಆರನೆಯ ಮೂಳೆಗಳ ನಡುವಿನ ಮೆತ್ತೆ ಉಬ್ಬಿ ಬಲಗಡೆಯ ನರವನ್ನು ಒತ್ತಿತ್ತು. ಬೆನ್ನುಹುರಿಗೆ ಏನೂ ಆಗಿರಲಿಲ್ಲ. ಗಡ್ಡೆ ಇರಲಿಲ್ಲ. ಮಗಳು ವರದಿಯನ್ನು ಗಟ್ಟಿಯಾಗಿ ಓದುತ್ತಾ ‘ಇಲ್ಲ’ ‘ಇಲ್ಲ’ ಎಂದು ಬಂದ ಕಡೆಯೆಲ್ಲ ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದಳು. ಆಪರೇಷನ್ ಬೇಕಾಗಲಿಲ್ಲ. ಕತ್ತಿನ ವ್ಯಾಯಾಮ, ಸ್ವಲ್ಪ ಮಾತ್ರೆ. ಎರಡು ತಿಂಗಳಿಗೆ ಹಿಡಿತ ಮರಳಿತು. ಅಷ್ಟರವರೆಗೆ ಮಗುವಿಗೆ ನೀರು ಹಾಕುವುದನ್ನು ಅಳಿಯನಿಗೆ ಕಲಿಸಿದೆ. ಅವರು ಮುಂದೆಯೂ ಅದನ್ನು ಬಿಟ್ಟುಕೊಡಲಿಲ್ಲ.

ಸಿ.ಡಿ.ಯಲ್ಲಿದ್ದ ಚಿತ್ರಗಳನ್ನು ಮೈಸೂರಿನ ನಮ್ಮ ಪರಿಚಯದ ನರರೋಗ ತಜ್ಞರಿಗೂ ಕಳಿಸಿದ್ದೆವು. ಅವರೂ ಅದನ್ನೇ ಹೇಳಿದರು, ಜೊತೆಗೆ ಇನ್ನೊಂದು ಮಾತು. ನಮ್ಮ ಊರುಗಳಲ್ಲಿ ಈಗ ಸೊಂಟ ಹಿಡಿದ ಮರುದಿನವೇ ಎಂಆರ್‌ಐ ಮಾಡಿಸಿಕೊಂಡು ಬರುತ್ತಾರಂತೆ. ಬರಿಯ ಸೊಂಟನೋವಿಗೆ, ಕೈಕಾಲಿನ ಬಲಹೀನತೆ, ಜ್ವರ, ಪೆಟ್ಟು, ಮೂತ್ರದ ತೊಂದರೆ ಯಾವುದೂ ಇಲ್ಲದಿದ್ದರೆ, ಮೊದಲ ಆರು ವಾರ ಚಿತ್ರದ ಅಗತ್ಯವೇ ಇಲ್ಲ, ಬಹುಪಾಲು ತಾನೇ ಇಳಿಯುತ್ತದೆ. ವಯಸ್ಸಾದ ಯಾರ ಕತ್ತು ಸೊಂಟ ನೋಡಿದರೂ ಸವೆತ ಕಂಡೇ ಕಾಣುತ್ತದೆ. ಕಂಡದ್ದೆಲ್ಲ ಕಾಯಿಲೆಯಲ್ಲ. ಪ್ರತಿ ಡಿಸೆಂಬರ್‌ನಲ್ಲಿ ಪರದೇಶದಿಂದ ಬಂದು ಹಲ್ಲು, ಕನ್ನಡಕ, ಸ್ಕ್ಯಾನು ಎಂದು ಪಟ್ಟಿ ಹಿಡಿದು ಓಡಾಡುವ ನಮ್ಮ ಮಕ್ಕಳಿಗೂ ಈ ಮಾತು ಸಲ್ಲುತ್ತದೆ. ಇಲ್ಲಿ ಅಗ್ಗವೆಂದು ಬೇಡದ್ದನ್ನು ಕೊಳ್ಳುವುದು ಸೀರೆಯಂಗಡಿಗೆ ಮಾತ್ರ ಚೆನ್ನ.

ನಮ್ಮ ಜಿಲ್ಲೆಯ ದಾರಿಗಳೂ ಈಗ ಬದಲಾಗಿವೆ. ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನ ಬಳಿ 1986ರಲ್ಲಿ ಆದಿಚುಂಚನಗಿರಿ ಮಠದವರು ಮೆಡಿಕಲ್ ಕಾಲೇಜು ತೆರೆದರು. ಮಂಡ್ಯದಲ್ಲೂ ಸರ್ಕಾರಿ ಮೆಡಿಕಲ್ ಕಾಲೇಜಾಯಿತು. ನಾಲ್ಕು ತಾಲ್ಲೂಕಿನಲ್ಲಿ ಯಾವುದು ಎಲ್ಲಕ್ಕಿಂತ ದೂರವಾಗಿತ್ತೋ ಅಲ್ಲಿಗೇ ಈಗ ಉಳಿದವರು ಬಸ್ಸು ಹತ್ತುತ್ತಾರೆ.

ಎರಡು ವರ್ಷದ ಮೇಲೆ ಓರಗಿತ್ತಿಯ ಮಂಡಿಯ ಎಂಆರ್‌ಐಗೆಂದು ಜೊತೆಗೆ ಹೋಗಿದ್ದಾಗ, ಹೊರಗಿನ ಬೆಂಚಿನಲ್ಲಿ ಒಬ್ಬ ಅಜ್ಜಿ ಹಟ ಹಿಡಿದು ಕೂತಿದ್ದರು. ಓಲೆ, ಬಳೆ, ಕಾಲುಂಗುರ, ಜಡೆಪಿನ್ನು ಎಲ್ಲ ಬಿಚ್ಚಿ ಸೊಸೆಯ ಕೈಗೆ ಕೊಟ್ಟಿದ್ದರು. ತಾಳಿ ಮಾತ್ರ ಬಿಚ್ಚಲೊಲ್ಲರು. ಗಂಡ ಪಕ್ಕದಲ್ಲೇ ಕೂತು ‘ಬಿಚ್ಚು ಅತ್ಲಾಗೆ, ನಾನೇ ಹೇಳ್ತಿದೀನಲ್ಲ’ ಎಂದರೂ ಕೇಳಲಿಲ್ಲ. ಯಂತ್ರದ ಹುಡುಗ ಚಿನ್ನವನ್ನು ಅಯಸ್ಕಾಂತ ಎಳೆಯುವುದಿಲ್ಲ, ಆದರೆ ಕತ್ತಿನ ಹತ್ತಿರ ಲೋಹವಿದ್ದರೆ ಬಿಸಿಯಾಗಬಹುದು, ಚಿತ್ರವೂ ಕೆಡುತ್ತದೆ ಎಂದು ವಿವರಿಸಿ ಸೋತ. ಅಲ್ಲಿಯ ಆಯಾ ಒಬ್ಬಳು ಏನೂ ಮಾತಾಡದೆ ಹೊರಗೆ ಹೋಗಿ ಬಂದಳು. ಕೈಯಲ್ಲಿ ಒಂದು ಹತ್ತಿಯ ದಾರ, ತುದಿಗೆ ಅರಿಶಿನದ ಕೊಂಬು. ಇಂಥ ಅಜ್ಜಿಯರಿಗೆಂದೇ ಒಂದು ಡಬ್ಬಿಯಲ್ಲಿ ಇಟ್ಟುಕೊಂಡಿರುತ್ತಾಳಂತೆ. ಅದನ್ನು ಕಟ್ಟಿದ ಮೇಲೆ ತಾಳಿ ಬಿಚ್ಚಿಸಿದಳು. ಅಜ್ಜಿ ಎದ್ದು ನಿಂತು, ಮೊಣಕೈಯ ಹಸಿರು ಹಚ್ಚೆಯನ್ನು ಸೆರಗಿನಿಂದ ಒರೆಸಿ ತೋರಿಸುತ್ತಾ, ‘ಇದು ಬಿಚ್ಚಾಕ್ಕಾಗಕ್ಕಿಲ್ಲ ಕಣಪ್ಪ’ ಎಂದರು. ಹುಡುಗ ನಕ್ಕು, ಅದು ಬಿಸಿ ಅನ್ನಿಸಿದರೆ ಈ ಉಂಡೆ ಹಿಸುಕಿ ಎಂದು ಅವರ ಕೈಗೆ ರಬ್ಬರ್ ಉಂಡೆ ಕೊಟ್ಟು ಒಳಗೆ ಕರೆದುಕೊಂಡು ಹೋದ.